ಪೀಪಾಯಿಯಲ್ಲಿ ಮಾಗಿದ ಹಣ್ಣಿನ ಸ್ಟ್ರಾಂಗ್ ಸವರ್ ಏಲ್: ಮೊದಲ ಗುಟುಕಿಗೇ ತೀರ್ಪು ಕೊಡದೆ ಸವಿಯೋ ಕ್ರಮ

ಸವರ್ ಏಲ್ ಅಂದ್ರೆ ಬೇಕಂತಲೇ ಹುಳಿ ಬರಿಸಿ ಮಾಡಿದ ಬಿಯರ್. ಅದನ್ನ ಕುಡಿಯುವಾಗ ತುಂಬಾ ಜನ ಒಂದೇ ಜಾಗದಲ್ಲಿ ಎಡವ್ತಿದಾರೆ ಅಂತ ಇದನ್ನ ಬರೀತಿದೀನಿ. ಒಳ್ಳೆ ಬಾಟಲಿ ತರ್ತಾರೆ, ಫ್ರಿಜ್ಜಿಂದ ತೆಗೆದ ಹಾಗೇ ಮಗ್ ತುಂಬಾ ಸುರೀತಾರೆ, ಮಾಮೂಲಿ ಬಿಯರ್ ಥರ ದೊಡ್ಡದೊಂದು ಗುಟುಕು ಎಳೀತಾರೆ, ಮುಖ ಕಿವುಚ್ಕೊಂಡು "ಇದು ಕೆಟ್ಟೋಗಿದೆ ಕಣ್ರೀ" ಅಂತ ಪಕ್ಕಕ್ಕೆ ಇಟ್ಬಿಡ್ತಾರೆ. ಇನ್ನೊಂದು ಗುಂಪು ಇದಕ್ಕೆ ಉಲ್ಟಾ, ನಿಜವಾಗ್ಲೂ ಕೆಟ್ಟಿರೋದನ್ನೇ "ಸವರ್ ಅಂದ್ರೆ ಹೀಗೇ ಇರತ್ತೆ" ಅಂತ ಸಮಾಧಾನ ಮಾಡ್ಕೊಂಡು ಕುಡಿದು ಮುಗಿಸ್ತಾರೆ. ಎರಡಕ್ಕೂ ಕಾರಣ ಒಂದೇ: ಹುಳಿ, ಹಣ್ಣು, ಮರ, ಆಲ್ಕೋಹಾಲ್ ಈ ನಾಲ್ಕನ್ನೂ ಒಂದೇ ಗುಟುಕಲ್ಲಿ ಹಿಡಿಯೋಕೆ ಹೋಗೋದು. ಇವು ಒಟ್ಟಿಗೆ ಬರಲ್ಲ, ಒಂದೊಂದೂ ಒಂದೊಂದು ಹೊತ್ತಿಗೆ, ಒಂದೊಂದು ತಾಪಮಾನಕ್ಕೆ ಬಾಯಿ ಬಿಡತ್ತೆ. ಅದಕ್ಕೇ ಇಲ್ಲಿ ಕ್ರಮ ಮುಖ್ಯ.

ನಾನು ಹೇಳ್ತಿರೋದು ಸುಮಾರು 8ರಿಂದ 11 ಪರ್ಸೆಂಟ್ ಆಲ್ಕೋಹಾಲ್ ಇರೋ, ಓಕ್ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಕೆಲವೊಮ್ಮೆ ವರ್ಷಗಟ್ಟಲೆ ಕೂತು, ಚೆರ್ರಿ ರಾಸ್ಪ್‌ಬೆರಿ ಪೀಚ್ ಏಪ್ರಿಕಾಟ್ ಪ್ಲಮ್ ಇಂಥ ಹಣ್ಣು ಬಿದ್ದಿರೋ ಸವರ್ ಬಗ್ಗೆ. 4-5 ಪರ್ಸೆಂಟಿನ ತೆಳು ಸವರ್‌ಗೆ ಇಷ್ಟೆಲ್ಲಾ ಬೇಕಾಗಿಲ್ಲ, ತಣ್ಣಗೆ ಕುಡೀರಿ ಸಾಕು.

ಶುರು ಮಾಡೋಕೆ ಮುಂಚೆ ಒಂದು ಲೆಕ್ಕ. 750 ಎಂ.ಎಲ್. ಬಾಟಲಿ 10 ಪರ್ಸೆಂಟ್ ಇದ್ರೆ ಅದರಲ್ಲಿ 75 ಎಂ.ಎಲ್. ಶುದ್ಧ ಆಲ್ಕೋಹಾಲ್ ಇದೆ, ಅಂದ್ರೆ 5 ಪರ್ಸೆಂಟಿನ 330 ಎಂ.ಎಲ್. ಬಿಯರ್ ನಾಲ್ಕೂವರೆ ಕುಡಿದ ಹಾಗೆ. ಹುಳಿ ಇರೋದ್ರಿಂದ ಈ ಜೋರು ಬಾಯಿಗೆ ಗೊತ್ತಾಗಲ್ಲ. ಇದು ಮೂರ್ನಾಲ್ಕು ಜನ ಹಂಚ್ಕೊಳ್ಳೋ ಬಾಟಲಿ, ಒಬ್ಬರದ್ದಲ್ಲ. ಗಾಡಿ ಓಡಿಸೋರು, ಗರ್ಭಿಣಿಯರು, ಆಲ್ಕೋಹಾಲ್ ಜೊತೆ ಆಗದ ಮಾತ್ರೆ ತಗೊಳ್ತಿರೋರು ಮುಟ್ಟೋದೇ ಬೇಡ. ಅಸಿಡಿಟಿ, ಅಲ್ಸರ್ ಇರೋರಿಗಂತೂ ಆಲ್ಕೋಹಾಲ್ ಜೊತೆಗೆ ಈ ಹುಳಿನೂ ಸೇರಿ ಎರಡು ಪಟ್ಟು ತೊಂದರೆ.

## ಏನೇನು ಬೇಕು

ಟ್ಯುಲಿಪ್ ಆಕಾರದ ಗ್ಲಾಸ್, ಅಂದ್ರೆ ಹೊಟ್ಟೆ ಅಗಲ ಬಾಯಿ ಕಿರಿದು ಇರೋದು, ಇಲ್ಲದಿದ್ರೆ ವೈನ್ ಗ್ಲಾಸ್ ಆಗತ್ತೆ. ನೇರ ಗ್ಲಾಸು, ಮಗ್, ಪ್ಲಾಸ್ಟಿಕ್ ಕಪ್ ಬೇಡ, ಅದರಲ್ಲಿ ವಾಸನೆ ನಿಲ್ಲೋದೇ ಇಲ್ಲ. ಗ್ಲಾಸಲ್ಲಿ ಸೋಪಿನ ಪಸೆ ಇರಬಾರದು, ಬಿಸಿ ನೀರಲ್ಲಿ ಎರಡು ಸಲ ಜಾಲಿಸಿ ಬೋರಲು ಹಾಕಿ ಆರಿಸಿ, ಬಟ್ಟೆಯಿಂದ ಒರೆಸಿದ್ರೆ ಬಟ್ಟೆ ವಾಸನೆ ಅಂಟತ್ತೆ.

ಓಪನರ್ ಮೊದಲೇ ಅಳತೆ ನೋಡ್ಕೊಳಿ. ಮಾಮೂಲಿ ಬಿಯರ್ ಮುಚ್ಚಳ 26 ಮಿಲಿಮೀಟರ್, ಈ ಥರದ ದಪ್ಪ ಬಾಟಲಿಗಳಲ್ಲಿ 29 ಮಿಲಿಮೀಟರಿಂದೂ ಬರತ್ತೆ, ಅದಕ್ಕೆ ಚಿಕ್ಕ ಓಪನರ್ ಕೂರದೆ ಜಾರಿ ಬಾಟಲಿ ಬಾಯಿ ಚಕ್ಕೆ ಏಳೋ ಚಾನ್ಸ್ ಇದೆ. ಕಾರ್ಕ್ ಇದ್ರೆ ಒಂದು ದಪ್ಪ ಬಟ್ಟೆ ಹತ್ತಿರ ಇರಲಿ. ಆಮೇಲೆ ಒಂದು ಜಗ್, ಕುಡಿಯೋ ನೀರು, ಉಪ್ಪಿಲ್ಲದ ಸಪ್ಪೆ ಬ್ರೆಡ್ಡು, ಪೆನ್ನು ಕಾಗದ. ಅಡುಗೆಮನೆ ಥರ್ಮಾಮೀಟರ್ ಇದ್ರೆ ಒಳ್ಳೇದು, ಇಲ್ಲದಿದ್ರೆ ಗಡಿಯಾರ ನೋಡ್ಕೊಂಡೂ ನಡೆಯತ್ತೆ.

## ಹಂತ 1: ಹಿಂದಿನ ದಿನವೇ ಬಾಟಲಿ ನಿಲ್ಲಿಸಿ

ಕಮ್ಮಿ ಅಂದ್ರೂ 24 ಗಂಟೆ ಬಾಟಲಿ ನೆಟ್ಟಗೆ ಫ್ರಿಜ್ಜಲ್ಲಿ ನಿಲ್ಲಬೇಕು. ತಳದಲ್ಲಿ ಯೀಸ್ಟಿನ ಗಸಿ ಇರತ್ತೆ, ಹಣ್ಣಿನ ನಾರು ಪುಡಿ ಇರತ್ತೆ, ಅದು ಕೂರೋಕೆ ಟೈಮ್ ಬೇಕು. ಈ ಹಣ್ಣಿನ ಚೂರುಗಳೇ ಗ್ಯಾಸ್ ಗುಳ್ಳೆ ಹುಟ್ಟೋ ಜಾಗ, ಅಲ್ಲಾಡಿದ ಬಾಟಲಿ ತೆಗೆದ್ರೆ ಕಾರಂಜಿ ಥರ ಉಕ್ಕತ್ತೆ. ಸಂಜೆ ಅಂಗಡಿಯಿಂದ ತಂದು ರಾತ್ರಿಗೇ ತೆಗೆಯೋದು ನಾನು ನೋಡಿರೋ ಅತಿ ಸಾಮಾನ್ಯ ತಪ್ಪು, ಒಮ್ಮೆ ಉಕ್ಕಿದ್ರೆ ಅರ್ಧ ಬಾಟಲಿ ನೆಲದ ಪಾಲು, ಉಳಿದ ಅರ್ಧದಲ್ಲಿ ಗಸಿ ಕಲಕಿಕೊಂಡು ರುಚಿನೇ ಬೇರೆ.

ಇದೇ ಹೊತ್ತಲ್ಲಿ ಬಾಟಲಿ ಕುತ್ತಿಗೆ ನೋಡಿ. ಒಳಗೆ ತೆಳ್ಳಗೆ ಬಿಳಿ ಉಂಗುರನೋ ಪೊರೆನೋ ಇದ್ರೆ ಭಯ ಬೇಡ, ಬ್ರೆಟ್ಟನೊಮೈಸಿಸ್ ಅನ್ನೋ ಕಾಡು ಯೀಸ್ಟ್ ಗಾಳಿ ತಗುಲಿದ ಕಡೆ ಹಾಗೆ ಕಟ್ಟತ್ತೆ, ಆದ್ರೆ ಒಳಗೆ ಗಾಳಿ ಇತ್ತು ಅನ್ನೋ ಸುಳಿವು ಅದು, ನೆನಪಲ್ಲಿ ಇಟ್ಕೊಳಿ. ಹಸಿರು ಕಪ್ಪು ಬಣ್ಣದ ಉಣ್ಣೆ ಥರದ ಬೂಸ್ಟು ಕಂಡ್ರೆ ಮಾತ್ರ ಕುಡೀಬೇಡಿ. ಮುಚ್ಚಳ ಉಬ್ಬಿದ್ರೆ, ಕಾರ್ಕ್ ತಂತಿಯನ್ನ ತಳ್ಕೊಂಡು ಮೇಲೆ ಎದ್ದಿದ್ರೆ ಒಳಗೆ ಒತ್ತಡ ಜಾಸ್ತಿ ಅಂತ ಅರ್ಥ, ಮುಖದ ಹತ್ತಿರ ತರಬೇಡಿ, ಚೆನ್ನಾಗಿ ತಣ್ಣಗೆ ಮಾಡಿ ಬಟ್ಟೆ ಸುತ್ತಿ ಸಿಂಕ್ ಮೇಲೆ ಹಿಡಿದು ತೆಗೀರಿ.

## ಹಂತ 2: ನಾಲಿಗೆಗೆ ಮೂರು ಲೋಟದ ಪಾಠ

ಇದನ್ನ ಯಾರೂ ಮಾಡಲ್ಲ, ಮಾಡಿದವರು ಯಾರೂ ಮರೆಯಲ್ಲ. ಹತ್ತು ನಿಮಿಷದ ಕೆಲಸ, ಬಾಟಲಿ ತೆಗೆಯೋ ಹಿಂದಿನ ದಿನ ಮಾಡಿ.

ಒಂದು ಲೋಟ ನೀರಿಗೆ ಒಂದು ಟೀ ಚಮಚ ವಿನೆಗರ್ ಹಾಕಿ. ಇನ್ನೊಂದು ಲೋಟಕ್ಕೆ ಹುಳಿ ಮೊಸರಿನ ಮೇಲೆ ನಿಲ್ಲತ್ತಲ್ಲ ತಿಳಿ ನೀರು, ಅದನ್ನ ಬಸಿದು ಹಾಕಿ. ಮೂರನೇದಕ್ಕೆ ಸಕ್ಕರೆ ಹಾಲು ಏನೂ ಇಲ್ಲದ ಟೀ, ಎಲೆ ಹತ್ತು ನಿಮಿಷ ನೆನೆಸಿ ಕಟುವಾಗಿ ಮಾಡಿ ಆರಿಸಿದ್ದು.

ಮೊದಲು ಮೂಸಿ. ವಿನೆಗರ್ ನೀರು ಮೂಗಿಗೇ ಚುಚ್ಚತ್ತೆ, ಮೊಸರಿನ ತಿಳಿಗೆ ಆ ಚುಚ್ಚು ಇಲ್ಲವೇ ಇಲ್ಲ. ಆಮೇಲೆ ಕುಡಿದು ನೋಡಿ, ತಿಳಿ ನೀರಿನ ಹುಳಿ ನಾಲಿಗೆಯ ಎರಡೂ ಅಂಚಲ್ಲಿ ದುಂಡಗೆ ಹರಡತ್ತೆ, ವಿನೆಗರ್ ಗಂಟಲಲ್ಲಿ ಉರಿ ಬಿಡತ್ತೆ. ವಿನೆಗರಲ್ಲಿರೋ ಅಸಿಟಿಕ್ ಆಸಿಡ್ ಗಾಳಿಗೆ ಏಳತ್ತೆ, ಮೊಸರಲ್ಲಿರೋ ಲ್ಯಾಕ್ಟಿಕ್ ಆಸಿಡ್ ಏಳಲ್ಲ, ವ್ಯತ್ಯಾಸ ಇಷ್ಟೇ. ಹಾಗಾಗಿ ಸವರ್ ಏಲಲ್ಲಿ ಮೂಗಿಗೆ ಸಿಕ್ಕ ಹುಳಿ ಅಸಿಟಿಕ್ಕು, ಬಾಯಿಗೆ ಬಂದ ಮೇಲಷ್ಟೇ ಗೊತ್ತಾಗೋ ಹುಳಿ ಹೆಚ್ಚಿನಂಶ ಲ್ಯಾಕ್ಟಿಕ್ಕು, ಜೊತೆಗೆ ಹಣ್ಣಿನ ಹುಳಿ. ಈ ಒಂದು ಭೇದ ಕೈಗೆ ಬಂದ್ರೆ ಅರ್ಧ ಕೆಲಸ ಮುಗೀತು.

ಟೀ ಯಾಕೆ ಅಂದ್ರೆ ಒಗರು ತಿಳಿಯೋಕೆ. ನುಂಗಿದ ಮೇಲೆ ಒಸಡು, ಕೆನ್ನೆ ಒಳಭಾಗ ಒಣಗಿ ಹಿಡ್ಕೊಳ್ಳತ್ತಲ್ಲ, ಅದು ಟ್ಯಾನಿನ್. ಓಕ್ ಮರದಿಂದ, ಹಣ್ಣಿನ ಸಿಪ್ಪೆ ಬೀಜದಿಂದ ಬರೋದು ಇದೇ. ಹುಳಿ ಜೊಲ್ಲು ತರಿಸತ್ತೆ, ಒಗರು ಬಾಯಿ ಒಣಗಿಸತ್ತೆ. ಹೊಸಬರು ಎರಡನ್ನೂ ಸೇರಿಸಿ "ತುಂಬಾ ಹುಳಿ" ಅಂದ್ಬಿಡ್ತಾರೆ.

## ಹಂತ 3: ತಾಪಮಾನ

ಫ್ರಿಜ್ಜಿಂದ ತೆಗೆದಾಗ ಸುಮಾರು 4 ಡಿಗ್ರಿ ಸೆಲ್ಸಿಯಸ್ ಇರತ್ತೆ. ಆ ಚಳಿಯಲ್ಲಿ ಹಣ್ಣಿನ ವಾಸನೆ, ಮರದ ವಾಸನೆ ಎರಡೂ ಮುಚ್ಕೊಂಡಿರತ್ತೆ, ಹುಳಿ ಮತ್ತು ಒಗರು ಮಾತ್ರ ಎದ್ದು ನಿಲ್ಲತ್ತೆ. ನನ್ನ ಮೊದಲ ಚೆರ್ರಿ ಸವರ್ ಹೀಗೇ ಹಾಳಾಗಿದ್ದು, ಐಸ್ ಥರ ತಣ್ಣಗೆ ಸುರಿದು ಎರಡು ಗುಟುಕಿಗೆ ಕೈಬಿಟ್ಟಿದ್ದೆ, ಒಂದು ಗಂಟೆ ಆದ್ಮೇಲೆ ಗ್ಲಾಸ್ ತೊಳೆಯೋಕೆ ಅಂತ ಎತ್ತಿದಾಗ ಉಳಿದ ಎರಡು ಬೆರಳಷ್ಟರಿಂದ ಚೆರ್ರಿ, ಬಾದಾಮಿ, ಹಸಿ ಮರ ಒಟ್ಟಿಗೆ ಮೂಗಿಗೆ ಬಂತು. ಅವತ್ತಿಂದ ತಾಪಮಾನ ನೋಡದೆ ಯಾವ ಬಾಟಲಿನೂ ತೆಗೆದಿಲ್ಲ.

8ರಿಂದ 10 ಡಿಗ್ರಿಗೆ ಶುರು ಮಾಡಿ, 13-14ರ ಹೊತ್ತಿಗೆ ಮುಗಿಸಿ. ಥರ್ಮಾಮೀಟರ್ ಇಲ್ಲದಿದ್ರೆ ಬಾಟಲಿಯನ್ನ ಫ್ರಿಜ್ಜಿಂದ ತೆಗೆದು ಅರ್ಧ ಗಂಟೆ ಹೊರಗಿಡಿ, ಸೆಕೆ ಇದ್ರೆ ಕಾಲು ಗಂಟೆ ಸಾಕು. ಬಾಟಲಿ ತುಂಬಾ ಉಕ್ಕೋ ಥರದ್ದು ಅನಿಸಿದ್ರೆ ತಣ್ಣಗಿದ್ದಾಗಲೇ ಮುಚ್ಚಳ ತೆಗೆದು, ಸುರಿದು, ಗ್ಲಾಸಲ್ಲೇ ಬೆಚ್ಚಗಾಗೋಕೆ ಬಿಡಿ, ತಣ್ಣಗಿನ ಬಿಯರ್ ಗ್ಯಾಸನ್ನ ಹಿಡಿದಿಟ್ಕೊಳ್ಳತ್ತೆ.

## ಹಂತ 4: ಮುಚ್ಚಳ ತೆಗೆಯೋದು

ಕಾರ್ಕ್ ಮೇಲೆ ತಂತಿಬಲೆ ಇದ್ರೆ ಅದರ ತಂತಿ ಕಿವಿಯನ್ನ ಅರ್ಧರ್ಧ ಸುತ್ತಿನ ಹಾಗೆ ಆರು ಸಲ ತಿರುಗಿಸಿ ಸಡಿಲ ಮಾಡಿ, ಹೆಬ್ಬೆರಳು ಮಾತ್ರ ಕಾರ್ಕ್ ಮೇಲಿಂದ ಎತ್ತಬೇಡಿ. ಬಟ್ಟೆ ಹಾಕಿ ಕಾರ್ಕ್ ಬಿಗಿಯಾಗಿ ಹಿಡಿದು ಬಾಟಲಿಯನ್ನ ತಿರುಗಿಸಿ, ಕಾರ್ಕನ್ನಲ್ಲ. ಬಾಯಿ ಯಾರ ಮುಖದ ಕಡೆಗೂ ಬೇಡ. ಶಬ್ದ ಮೆತ್ತಗೆ ಉಸ್ ಅನ್ನೋ ಹಾಗೆ ಬರಬೇಕು.

ಕಾರ್ಕಿನ ಒಳತುದಿ ಮೂಸಿ ನೋಡಿ, ಒದ್ದೆ ರಟ್ಟು, ಮುಗ್ಗಲು ವಾಸನೆ ಬಂದ್ರೆ ಗ್ಲಾಸಲ್ಲೂ ಅದೇ ಇದೆಯಾ ಅಂತ ಹುಡುಕಬೇಕು. ಇದ್ರೆ ಅದು ಕಾರ್ಕಿನ ದೋಷ, ಹೊತ್ತು ಬಿಟ್ರೆ ಹೋಗೋದಲ್ಲ.

## ಹಂತ 5: ಸುರಿಯೋದು, ನೋಡೋದು

ಒಬ್ಬರಿಗೆ 100ರಿಂದ 120 ಎಂ.ಎಲ್. ಸಾಕು, ಗ್ಲಾಸಿನ ಮೂರನೇ ಒಂದು ಭಾಗ ದಾಟಬಾರದು. ಓರೆ ಹಿಡಿದು ನಿಧಾನಕ್ಕೆ ಒಂದೇ ಸಲ ಎಲ್ಲಾ ಗ್ಲಾಸಿಗೂ ಸುರೀರಿ, ಬಾಟಲಿಯನ್ನ ಪದೇಪದೇ ನೆಟ್ಟಗೆ ಮಾಡಿ ಓರೆ ಮಾಡಿದ್ರೆ ಗಸಿ ಏಳತ್ತೆ. ತಳದ ಎರಡು ಬೆರಳಷ್ಟು ಬಾಟಲಿಯಲ್ಲೇ ಇರಲಿ, ಅದರ ಕಥೆ ಕೊನೇಲಿ.

ನೊರೆ ಬೇಗ ಇಳಿದ್ರೆ ದೋಷ ಅಲ್ಲ. ಹುಳಿ, ಜಾಸ್ತಿ ಆಲ್ಕೋಹಾಲ್, ಉದ್ದ ಮಾಗುವಿಕೆ ಇವೆಲ್ಲಾ ನೊರೆ ಹಿಡಿಯೋ ಪ್ರೋಟೀನನ್ನ ಕಮ್ಮಿ ಮಾಡತ್ತೆ ಇಲ್ಲಾ ಕೆಲಸ ಮಾಡೋಕೆ ಬಿಡಲ್ಲ. ಗುಳ್ಳೆ ಒಂದೂ ಇಲ್ಲದೆ ಸಪ್ಪಗಿದ್ರೆ ಲೇಬಲ್ ನೋಡಿ, ಕೆಲವನ್ನ ಬೇಕಂತಲೇ ಗ್ಯಾಸಿಲ್ಲದೆ ಬಾಟಲಿಗೆ ಹಾಕಿರ್ತಾರೆ, ಇನ್ನು ಕೆಲವಲ್ಲಿ ಹುಳಿ ಮತ್ತು ಆಲ್ಕೋಹಾಲಿಗೆ ಯೀಸ್ಟ್ ಸುಸ್ತಾಗಿ ಗ್ಯಾಸ್ ಕಟ್ಟಿಲ್ಲ ಅಷ್ಟೇ.

ಬಣ್ಣ ಮಾತ್ರ ಗಮನ ಇಟ್ಟು ನೋಡಿ. ರಾಸ್ಪ್‌ಬೆರಿದು ಅಂತ ಬರೆದಿದ್ದು ಇಟ್ಟಿಗೆ ಕಂದು ಬಣ್ಣಕ್ಕೆ ತಿರುಗಿದ್ರೆ ಆಮ್ಲಜನಕ ಮುಟ್ಟಿದೆ ಅಥವಾ ತುಂಬಾ ಹಳೇದು, ಹಣ್ಣಿನ ತಾಜಾ ವಾಸನೆ ಜಾಸ್ತಿ ನಿರೀಕ್ಷೆ ಮಾಡ್ಬೇಡಿ. ಸುರಿಯುವಾಗ ಎಣ್ಣೆ ಥರ, ಲೋಳೆ ಥರ ದಾರ ಎಳ್ಕೊಂಡು ಬಿದ್ರೆ ಅದು ಪೀಡಿಯೊಕಾಕಸ್ ಅನ್ನೋ ಬ್ಯಾಕ್ಟೀರಿಯಾದ ಕೆಲಸ. ಅಪಾಯ ಇಲ್ಲ, ಆದ್ರೆ ಇನ್ನೂ ಮಾಗಿಲ್ಲ ಅಂತ ಅರ್ಥ. ಅದೇ ಥರದ ಇನ್ನೊಂದು ಬಾಟಲಿ ಇದ್ರೆ ಕೆಲವು ತಿಂಗಳು ತೆಗೀಬೇಡಿ, ಬ್ರೆಟ್ಟನೊಮೈಸಿಸ್ ನಿಧಾನಕ್ಕೆ ಆ ಲೋಳೆಯನ್ನ ಒಡೆಯತ್ತೆ.

## ಹಂತ 6: ಮೂಗು, ಕುಡಿಯೋ ಮುಂಚೆ

ಗ್ಲಾಸ್ ಅಲ್ಲಾಡಿಸದೆ ಒಂದು ಸಲ ಮೂಸಿ, ಸಣ್ಣ ಸಣ್ಣ ಎರಡು ಉಸಿರು, ಉದ್ದ ಎಳೀಬೇಡಿ, ಹಾಗೆ ಎಳೆದ್ರೆ ಆಲ್ಕೋಹಾಲಿನ ಘಾಟಿಗೆ ಮೂಗು ಸೋತು ಹೋಗತ್ತೆ. ಏನು ಸಿಕ್ತೋ ಬರ್ಕೊಳಿ. ಆಮೇಲೆ ಗ್ಲಾಸಿನ ಬಾಯಿಗೆ ಅಂಗೈ ಮುಚ್ಚಿ ಅದನ್ನ ಮೂರ್ನಾಲ್ಕು ಸುತ್ತು ತಿರುಗಿಸಿ, ಕೈ ತೆಗೆದು ತಕ್ಷಣ ಮೂಸಿ. ಈ ಎರಡನೇ ಸಲ ಮರ ಬರತ್ತೆ. ವೆನಿಲ್ಲಾ, ತೆಂಗಿನಕಾಯಿ, ಲವಂಗ ಇವೆಲ್ಲಾ ಓಕಿಂದ, ತೆಂಗಿನ ವಾಸನೆ ಯುರೋಪಿನ ಓಕಿಗಿಂತ ಅಮೆರಿಕದ ಓಕಲ್ಲಿ ಜಾಸ್ತಿ. ಬರ್ಬನ್ (ಅಮೆರಿಕದ ಒಂದು ಬಗೆ ವಿಸ್ಕಿ) ಪೀಪಾಯಿ ಅಂತ ಲೇಬಲ್ಲಲ್ಲಿದ್ರೆ ಇದನ್ನೇ ಹುಡುಕಿ, ಅಮೆರಿಕದ ಕಾನೂನಿನ ಪ್ರಕಾರ ಬರ್ಬನ್‌ಗೆ ಒಳಗೆ ಸುಟ್ಟ ಹೊಸ ಓಕ್ ಪೀಪಾಯಿನೇ ಆಗಬೇಕು, ಹಾಗಾಗಿ ಒಂದೇ ಸಲ ಬಳಸಿದ ಪೀಪಾಯಿ ಬಿಯರ್ ಮಾಡೋರಿಗೆ ಸಿಗತ್ತೆ, ಮರದಲ್ಲಿ ಇನ್ನೂ ಸಾಕಷ್ಟು ಸತ್ವ ಉಳಿದಿರತ್ತೆ. ವೈನ್ ಪೀಪಾಯಿಯದ್ದು ಆದ್ರೆ ಮರ ಹಿಂದೆ ಸರಿದು ದ್ರಾಕ್ಷಿ, ಒಗರು ಮುಂದೆ ಬರತ್ತೆ.

ಚೆರ್ರಿ ಏಲಲ್ಲಿ ಬಾದಾಮಿ ವಾಸನೆ ಬಂದ್ರೆ ಬಾದಾಮಿ ಹಾಕಿದಾರೆ ಅಂತಲ್ಲ, ಚೆರ್ರಿ ಬೀಜದಲ್ಲಿರೋ ಬೆಂಜಾಲ್ಡಿಹೈಡ್ ಅದು. ತೊಗಲು, ಕೊಟ್ಟಿಗೆ, ಒಣಹುಲ್ಲು ಥರದ ವಾಸನೆ ಬ್ರೆಟ್ಟನೊಮೈಸಿಸ್‌ದು, ಸ್ವಲ್ಪ ಇರಬೇಕಾದ್ದೇ.

## ಮೂಗಲ್ಲೇ ಸಿಗೋ ಎಚ್ಚರಿಕೆ

ನೇಲ್ ಪಾಲಿಶ್ ರಿಮೂವರ್ ವಾಸನೆ ಜೋರಾಗಿದ್ರೆ ಈಥೈಲ್ ಅಸಿಟೇಟ್, ಅಸಿಟಿಕ್ ಆಸಿಡ್ ಆಲ್ಕೋಹಾಲ್ ಎರಡೂ ಇರೋ ಇಂಥ ಬಿಯರಲ್ಲಿ ಅದು ಹುಟ್ಟೋದು ಸಹಜ, ತೀರಾ ಕಮ್ಮಿ ಇದ್ರೆ ಪೇರ್ ಹಣ್ಣಿನ ಥರ ಇರತ್ತೆ, ಜಾಸ್ತಿ ಆದ್ರೆ ದೋಷ. ವಿನೆಗರ್ ಚುಚ್ಚು ಬೇರೆ ಎಲ್ಲಾ ವಾಸನೆಯನ್ನೂ ಮುಚ್ಚಿದ್ರೆ ಪೀಪಾಯಿಗೆ ಗಾಳಿ ಹೊಕ್ಕಿದೆ. ವಾಂತಿ ಥರದ ವಾಸನೆ ಬ್ಯೂಟಿರಿಕ್ ಆಸಿಡ್, ಬೆವರು ಹಿಡಿದ ಸಾಕ್ಸ್ ಥರದ್ದು ಐಸೊವ್ಯಾಲರಿಕ್. ಒದ್ದೆ ರಟ್ಟಿನದ್ದು ಹಳಸಿದ್ದು ಅಥವಾ ಕಾರ್ಕಿಂದು.

ಇದರಲ್ಲಿ ಯಾವುದೇ ಬಂದ್ರೂ ತಕ್ಷಣ ಚೆಲ್ಲಬೇಡಿ. ಹತ್ತು ನಿಮಿಷ ಬಿಡಿ. ಗಂಧಕದ ಥರದ ವಾಸನೆಗಳು ಎಷ್ಟೋ ಸಲ ಹಾರಿ ಹೋಗತ್ತೆ. ಹತ್ತು ನಿಮಿಷ ಆದ್ಮೇಲೂ ಅದೇ ಮುಂದೆ ನಿಂತಿದ್ರೆ ಅದು ದೋಷನೇ, ಸ್ಟೈಲ್ ಅಂತ ಹೆಸರಿಟ್ಟು ಕುಡಿಯೋ ಅಗತ್ಯ ಇಲ್ಲ.

## ಹಂತ 7: ಮೂರು ಗುಟುಕು

ಮೊದಲ ಗುಟುಕು ಲೆಕ್ಕಕ್ಕಿಲ್ಲ. ಒಂದು ಚಮಚದಷ್ಟು ಬಾಯಿಗೆ ಹಾಕಿ, ಎಲ್ಲಾ ಕಡೆ ಓಡಾಡಿಸಿ, ನುಂಗಿ, ಏನೂ ಬರೀಬೇಡಿ. ಪಿಎಚ್ ಅನ್ನೋದು ಆಮ್ಲದ ಅಳತೆ, ಕಮ್ಮಿ ಆದಷ್ಟೂ ಆಮ್ಲ ಜೋರು. ಮಾಮೂಲಿ ಬಿಯರಿನ ಪಿಎಚ್ 4ರಿಂದ 4.5ರ ಆಸುಪಾಸು, ಇಂಥದ್ದರದು 3ರಿಂದ 3.5ರ ಒಳಗೆ ಇರತ್ತೆ, ಒಂದು ಅಂಕಿ ಇಳಿದ್ರೆ ಆಮ್ಲದ ಜೋರು ಹತ್ತು ಪಟ್ಟು. ಬಾಯಿ ಆ ಏಟಿಗೆ ಜೊಲ್ಲು ಸುರಿಸಿ ಹುಳಿಯನ್ನ ತಗ್ಗಿಸೋ ವ್ಯವಸ್ಥೆ ಮಾಡ್ಕೊಳ್ಳತ್ತೆ, ಅದಕ್ಕೆ ಅರ್ಧ ನಿಮಿಷ ಬೇಕು. ಹಲ್ಲು ಜುಮ್ ಅನ್ನೋದು, ದವಡೆ ಹಿಂದೆ ಎಳೆದ ಹಾಗಾಗೋದು ಎಲ್ಲಾ ಈ ಗುಟುಕಲ್ಲೇ ಮುಗೀಲಿ.

ಎರಡನೇ ಗುಟುಕಲ್ಲಿ ಹುಳಿ ಒಂದನ್ನೇ ನೋಡಿ. ದುಂಡಗಿದೆಯಾ ಚೂಪಾಗಿದೆಯಾ, ನಾಲಿಗೆ ಮೇಲೆ ನಿಲ್ತಾ ಗಂಟಲಿಗೆ ಇಳೀತಾ, ಜೊಲ್ಲು ಬಂತಾ ಬಾಯಿ ಒಣಗಿತಾ. ಮೂರು ಲೋಟದ ಪಾಠ ಇಲ್ಲಿ ಕೆಲಸಕ್ಕೆ ಬರತ್ತೆ.

ಮೂರನೇ ಗುಟುಕು ಹಣ್ಣಿಗೆ. ಇದನ್ನ ಬಾಯಲ್ಲಿ ಮೂರ್ನಾಲ್ಕು ಸೆಕೆಂಡ್ ಇಟ್ಟು ನುಂಗಿ, ಬಾಯಿ ಮುಚ್ಚಿ, ಮೂಗಿಂದ ಉಸಿರು ಬಿಡಿ. ಹಣ್ಣು ಸಿಗೋದು ಆ ಹೊರಹೋಗೋ ಉಸಿರಲ್ಲಿ. ಇಲ್ಲಿ ದೊಡ್ಡ ತಪ್ಪು ಆಗೋದು ಸಿಹಿ ಹುಡುಕೋದ್ರಿಂದ. ಹಣ್ಣಿನ ಸಕ್ಕರೆಯನ್ನ ಯೀಸ್ಟು ಬ್ಯಾಕ್ಟೀರಿಯಾ ಎರಡೂ ಸೇರಿ ಹೆಚ್ಚುಕಮ್ಮಿ ತಿಂದು ಮುಗಿಸಿರತ್ತೆ, ಉಳಿದಿರೋದು ವಾಸನೆ, ಹುಳಿ, ಸಿಪ್ಪೆಯ ಒಗರು. ಮೂಗು "ರಾಸ್ಪ್‌ಬೆರಿ" ಅಂದ ಕೂಡ್ಲೇ ತಲೆ ಜ್ಯೂಸಿನ ಸಿಹಿ ಕೇಳತ್ತೆ, ಸಿಹಿ ಬರದೇ ಇದ್ದಾಗ "ಹಣ್ಣೇ ಇಲ್ಲ" ಅಂತ ಅನಿಸತ್ತೆ. ಸಕ್ಕರೆಯನ್ನ ಮನಸ್ಸಿಂದ ತೆಗೆದುಹಾಕಿ ಕೇಳ್ಕೊಳಿ: ಇದು ತಾಜಾ ಹಣ್ಣಾ, ಬೇಯಿಸಿದ ಜಾಮಾ, ಸಿಪ್ಪೆನಾ, ಬೀಜನಾ? ಯಾವ ಹಣ್ಣು ಅನ್ನೋದಕ್ಕಿಂತ ಯಾವ ಸ್ಥಿತಿಯ ಹಣ್ಣು ಅನ್ನೋದೇ ಜಾಸ್ತಿ ಹೇಳತ್ತೆ.

## ಹಂತ 8: ನುಂಗಿದ ಮೇಲಿನ ಅರ್ಧ ನಿಮಿಷ

ಗ್ಲಾಸ್ ಕೆಳಗಿಡಿ. ನೀರು ಕುಡೀಬೇಡಿ, ಮಾತಾಡ್ಬೇಡಿ, 30ರ ತನಕ ಎಣಿಸಿ.

ಆಲ್ಕೋಹಾಲ್ ಗೊತ್ತಾಗೋದು ಈಗ, ಎದೆಗೆ ಇಳಿಯೋ ಬಿಸಿಯಾಗಿ. ಮೆತ್ತಗೆ ಹರಡಿದ್ರೆ ಸರಿ, ಗಂಟಲು ಸುಟ್ಟ ಹಾಗಾದ್ರೆ ಇನ್ನೂ ಎಳಸು ಇಲ್ಲಾ ನೀವು ತುಂಬಾ ಬೆಚ್ಚಗೆ ಕುಡೀತಿದೀರಿ.

ಇನ್ನೊಂದು ಇದೆ, ಇದನ್ನ ಗುರುತಿಸೋರು ತುಂಬಾ ಕಮ್ಮಿ. ಮೂಗಿಗೆ ಏನೂ ಇರಲ್ಲ, ಬಾಯಲ್ಲಿದ್ದಾಗಲೂ ಚೆನ್ನಾಗೇ ಇರತ್ತೆ, ನುಂಗಿ ಹತ್ತು ಹದಿನೈದು ಸೆಕೆಂಡಿಗೆ ನಾಲಿಗೆ ಹಿಂಭಾಗದಲ್ಲಿ ಹಳೇ ಕಾರ್ನ್‌ಫ್ಲೇಕ್ಸ್ ಥರದ್ದು, ಜೋರಾಗಿದ್ರೆ ಇಲಿ ಬೋನಿನ ಥರದ ಕಮಟು ಎದ್ದು ಬರತ್ತೆ. ಟೆಟ್ರಾಹೈಡ್ರೋಪಿರಿಡಿನ್ ಅನ್ನೋ ವಸ್ತುವಿನ ಆಟ ಇದು. ಹುಳಿ ದ್ರವದಲ್ಲಿ ಅದು ಗಾಳಿಗೆ ಏಳಲ್ಲ, ಜೊಲ್ಲು ಸೇರಿ ಹುಳಿ ತಗ್ಗಿದ ಮೇಲೆ ಏಳತ್ತೆ, ಅದಕ್ಕೇ ಇಷ್ಟು ತಡ. ಕೆಲವರಿಗೆ ಇದು ಗೊತ್ತೇ ಆಗಲ್ಲ, ಪಕ್ಕದವರು ಹೇಳಿದ್ರೆ ಜಗಳ ಮಾಡ್ಬೇಡಿ, ಅವರಿಗೆ ನಿಜಕ್ಕೂ ಬರ್ತಿರತ್ತೆ. ಒಳ್ಳೆ ಸುದ್ದಿ ಅಂದ್ರೆ ಎಷ್ಟೋ ಬಾಟಲಿಯಲ್ಲಿ ತಿಂಗಳುಗಳ ಮೇಲೆ ಇದು ತಾನೇ ಕರಗತ್ತೆ, ಅದೇ ಬ್ಯಾಚಿನ ಇನ್ನೊಂದು ಬಾಟಲಿ ಇದ್ರೆ ಕಾಯೋದು ಸರಿ.

## ಹಂತ 9: ಕಾಲು ಗಂಟೆ ಬಿಟ್ಟು ಮತ್ತೆ

ಹದಿನೈದು ನಿಮಿಷ, ಮೂವತ್ತು ನಿಮಿಷ, ಹೀಗೆ ಎರಡು ಸಲ 6 ಮತ್ತು 7ನೇ ಹಂತ ಪುನಃ ಮಾಡಿ, ಮಧ್ಯೆ ನೀರು, ಒಂದು ಚೂರು ಬ್ರೆಡ್. ಪಕ್ಕಪಕ್ಕದಲ್ಲಿ ಬರ್ಕೊಳಿ. ಹುಳಿ ಹಿಂದೆ ಸರಿದು ಹಣ್ಣು ಮರ ಮುಂದೆ ಬಂದ್ರೆ ಆ ಬಿಯರ್ ಗಟ್ಟಿ. ಬೆಚ್ಚಗಾಗ್ತಾ ವಿನೆಗರ್, ನೇಲ್ ಪಾಲಿಶ್ ರಿಮೂವರ್ ವಾಸನೆ ಮಾತ್ರ ಬೆಳೀತಾ ಹೋದ್ರೆ ಚಳಿ ಆ ದೋಷವನ್ನ ಮುಚ್ಚಿತ್ತು ಅಷ್ಟೇ. ನಿಮ್ಮ ತೀರ್ಪು ಏನೇ ಇರಲಿ, ಮೂವತ್ತನೇ ನಿಮಿಷಕ್ಕೆ ಕೊಡಿ.

ಎರಡು ಮೂರು ಥರದ ಬಾಟಲಿ ಇದ್ರೆ ಕಮ್ಮಿ ಹುಳಿಯಿಂದ ಜಾಸ್ತಿ ಹುಳಿಗೆ ಹೋಗಿ. ಒಂದು ಕೂತಿಗೆ ಮೂರಕ್ಕಿಂತ ಹೆಚ್ಚು ಬೇಡ, ನಾಲ್ಕನೇದರ ಹೊತ್ತಿಗೆ ಒಸಡು ಮರಗಟ್ಟಿರತ್ತೆ, ಬರೆದಿದ್ದು ಯಾವುದನ್ನೂ ನಂಬೋಕಾಗಲ್ಲ.

## ಹಂತ 10: ಗಸಿ, ಉಳಿದದ್ದು, ಹಲ್ಲು

ತಳದಲ್ಲಿ ಬಿಟ್ಟ ಗಸಿಯನ್ನ ಕಡೇಲಿ ಬೇರೆ ಗ್ಲಾಸಿಗೆ ಸುರಿದು ಒಂದು ಚಮಚ ರುಚಿ ನೋಡಿ. ದಪ್ಪ, ಬ್ರೆಡ್ ಹಿಟ್ಟಿನ ಥರ, ಒಂಚೂರು ಕಹಿ ಇರತ್ತೆ. ಕೆಲವರಿಗೆ ಇಷ್ಟ, ನನಗೆ ಹಣ್ಣನ್ನ ಮುಚ್ಚಿದ ಹಾಗನಿಸತ್ತೆ. ಮೊದಲೇ ಬೆರೆಸಬೇಡಿ ಅನ್ನೋದಷ್ಟೇ ನನ್ನ ಮಾತು.

ಮಿಕ್ಕಿದ್ರೆ ಶಾಂಪೇನ್ ಬಿರಡೆ ಹಾಕಿ ನೆಟ್ಟಗೆ ಫ್ರಿಜ್ಜಲ್ಲಿಡಿ, ಮರುದಿನ ಮುಗಿಸಿ. ಇನ್ನೊಂದು ಸಣ್ಣ ಬಾಟಲಿ ಉಳಿದಿದ್ರೆ ಎಷ್ಟು ದಿನ ಇಡೋದು ಅಂತ ಇವತ್ತಿನ ಚೀಟಿ ನೋಡಿ ನಿರ್ಧಾರ ಮಾಡಿ: ಹಣ್ಣೇ ಇಷ್ಟ ಆಗಿದ್ರೆ ಕಾಯಬೇಡಿ, ರಾಸ್ಪ್‌ಬೆರಿ ಪೀಚ್ ವಾಸನೆ ಬೇಗ ಹೋಗತ್ತೆ, ಚೆರ್ರಿ ಸ್ವಲ್ಪ ತಡ್ಕೊಳ್ಳತ್ತೆ. ಆಲ್ಕೋಹಾಲ್ ಒರಟಾಗಿತ್ತು, ಲೋಳೆ ಇತ್ತು, ಇಲಿ ಬೋನಿನ ಕಮಟು ಇತ್ತು ಅಂದ್ರೆ ಕತ್ತಲಲ್ಲಿ ತಂಪಾದ ಕಡೆ ಇನ್ನೂ ಕೆಲವು ತಿಂಗಳು ಇಡಿ. ಬೆಳಕು ಬೀಳೋ ಶೆಲ್ಫ್ ಮೇಲೆ ಅಲಂಕಾರಕ್ಕೆ ಇಡಬೇಡಿ.

ಮುಗಿದ ತಕ್ಷಣ ಬ್ರಶ್ ಮಾಡ್ಬೇಡಿ. ಪಿಎಚ್ 5.5ಕ್ಕಿಂತ ಕೆಳಗೆ ಹಲ್ಲಿನ ಎನಾಮೆಲ್ ಮೆತ್ತಗಾಗೋಕೆ ಶುರುವಾಗತ್ತೆ, ಇದು ಅದಕ್ಕಿಂತ ಎಷ್ಟೋ ಕೆಳಗೆ. ನೀರಲ್ಲಿ ಬಾಯಿ ಮುಕ್ಕಳಿಸಿ, ಒಂದು ಗಂಟೆ ಬಿಟ್ಟು ಬ್ರಶ್ ಹಿಡೀರಿ.